ವರ್ಷವಿಡೀ ಆಷಾಢವೇ?

ಸಂಜೆ ಆರರ ಹೊತ್ತು. ದಾವಣಗೆರೆಯ ಬಸ್ ನಿಲ್ದಾಣದಲ್ಲಿ ಜಗಳೂರು ಕಡೆಯ ಬಸ್ಸಿಗೆ ಕಾದು ನಿಂತಿದ್ದ ರೈತನೊಬ್ಬ ಕೈಲಿದ್ದ ಬಟ್ಟೆಯ ಚೀಲವನ್ನೊಮ್ಮೆ, ಬಿಲ್ಲನ್ನೊಮ್ಮೆ ನೋಡುತ್ತಿದ್ದ. ಪಕ್ಕದಲ್ಲಿ ಕಾಲೇಜಿಗೆ ಹೋಗುವ ಮಗ.

"ಎಷ್ಟು ಉಳೀತೋ?"

"ಮೂರು ಸಾವಿರದ ಆರುನೂರು ಉಳೀತು. ಬಿಲ್ಲಿನ ಕೆಳಗೆ ಬರ್ದಾರೆ ನೋಡಪ್ಪಾಜಿ."

"ಉಳಿದಿದ್ರೆ ಜೇಬಲ್ಲಿ ಇರ್ಬೇಕಲ್ಲೋ! ಬರುವಾಗ ನಾಲ್ಕು ಸಾವಿರ ಇತ್ತು. ಈಗ ನಾನೂರು ಐತೆ."

ಸುತ್ತ ನಿಂತಿದ್ದವರು ನಕ್ಕರು. ಮಗನೂ ನಕ್ಕ. ರೈತ ಮಾತ್ರ ನಗಲಿಲ್ಲ. ಅವನು ಕೇಳಿದ ಪ್ರಶ್ನೆಗೆ ಉತ್ತರ ಕೊಡುವವರು ಆ ಬಸ್ ಸ್ಟ್ಯಾಂಡಿನಲ್ಲಿ ಯಾರೂ ಇರಲಿಲ್ಲ. ಬಿಲ್ಲಿನಲ್ಲಿ ಬರೆದ ಉಳಿತಾಯ 3,600 ರೂಪಾಯಿ. ಜೇಬಿನಿಂದ ಹೋದದ್ದೂ 3,600 ರೂಪಾಯಿ. ಹಾಗಾದರೆ ಆ ಉಳಿದ ಹಣ ಎಲ್ಲಿದೆ?

ಅದು ಚೀಟಿಯ ಮೇಲಿದೆ. ಅಂಗಿಯ ಕಾಲರಿಗೆ ಜೋತು ಬಿದ್ದಿರುವ ರಟ್ಟಿನ ಚೀಟಿಯ ಮೇಲೆ ಇರುವ ಎಂ.ಆರ್.ಪಿ. ಎಂಬ ಅಂಕಿಯಲ್ಲಿದೆ. ಆ ಅಂಕಿ ನಿಜವಾದರೆ ಉಳಿತಾಯವೂ ನಿಜ. ಆ ಅಂಕಿ ಸುಳ್ಳಾದರೆ ಉಳಿತಾಯವೂ ಸುಳ್ಳು. ಊರಿಗೆ ಊರೇ ರಿಯಾಯಿತಿ ಅಂಗಡಿಗಳ ಕಡೆ ನಡೆದಿರುವ ಈ ಕಾಲದಲ್ಲಿ ಆ ಅಂಕಿಯನ್ನು ಬರೆದವರು ಯಾರು ಎಂದು ಕೇಳುವವರು ಮಾತ್ರ ಯಾರೂ ಇಲ್ಲ.

ಆಷಾಢಕ್ಕೆ ಕಾರಣವಿತ್ತು

ರಿಯಾಯಿತಿ ಎಂಬುದು ಈ ನಾಡಿಗೆ ಹೊಸದಲ್ಲ. ಆಷಾಢದ ಸೇಲ್ ಯಾರಿಗೆ ಗೊತ್ತಿಲ್ಲ? ಆಷಾಢದಲ್ಲಿ ಮದುವೆಯಿಲ್ಲ, ಮುಂಜಿಯಿಲ್ಲ, ಗೃಹಪ್ರವೇಶವಿಲ್ಲ. ರೈತನ ಕೈಲಿದ್ದ ದುಡ್ಡೆಲ್ಲ ಬೀಜ ಗೊಬ್ಬರಕ್ಕೆ ಹೋಗಿರುತ್ತದೆ. ಬಟ್ಟೆ ಅಂಗಡಿಯ ಗಲ್ಲಾ ನೊಣ ಹೊಡೆಯುತ್ತದೆ. ಶ್ರಾವಣದ ಹೊಸ ಮಾಲು ತರಿಸಲು ಬೀರು ಖಾಲಿಯಾಗಬೇಕು, ಕೈಗೆ ನಗದು ಬರಬೇಕು. ಹೀಗಾಗಿ ವ್ಯಾಪಾರಿ ತನ್ನ ಲಾಭದಲ್ಲಿ ಒಂದು ಪಾಲು ಬಿಟ್ಟು ಮಾರುತ್ತಿದ್ದ. ಗಿರಾಕಿಗೂ ಕಾರಣ ಗೊತ್ತು, ವ್ಯಾಪಾರಿಗೂ ಗೊತ್ತು. ಮುಚ್ಚುಮರೆ ಇರಲಿಲ್ಲ.

ಗಾಂಧಿ ಜಯಂತಿಯ ಖಾದಿ ರಿಯಾಯಿತಿಯೂ ಹಾಗೆಯೇ. ಕಡಿಮೆಯಾದ ಹಣವನ್ನು ಸರ್ಕಾರ ತುಂಬಿಕೊಡುತ್ತದೆ ಎಂಬುದು ಖಾದಿ ಭಂಡಾರದ ಮುಂದೆ ಸಾಲು ನಿಂತ ಮೇಷ್ಟರಿಗೂ ತಿಳಿದಿತ್ತು. ಇನ್ನು ಕಟ್ ಪೀಸ್ ಅಂಗಡಿ! ಥಾನಿನ ಕೊನೆಯಲ್ಲಿ ಉಳಿದ ತುಂಡು, ಒಂದು ಜಾಕೀಟಿಗೆ ಸಾಕು, ಅಂಗಿಗೆ ಸಾಲದು, ಅದಕ್ಕೇ ಅಗ್ಗ. ಕಣ್ಣಿಗೆ ಕಾಣುವ ಕಾರಣ. ಮಿಲ್ ಬಟ್ಟೆಯ ಅಂಚಿನಲ್ಲಿ ಮಿಲ್ಲಿನ ಹೆಸರು ಒತ್ತಿರುತ್ತಿತ್ತು. ಸೆಕೆಂಡ್ಸ್ ಮಾಲಾದರೆ ಸೆಕೆಂಡ್ಸ್ ಅಂತಲೇ ಹೇಳಿ ಮಾರುತ್ತಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರು ಹೊತ್ತ ದಾವಣಗೆರೆಗೆ ಇದನ್ನು ಯಾರೂ ಕಲಿಸಿಕೊಡಬೇಕಿಲ್ಲ. ಮಿಲ್ಲಿನ ಸೈರನ್ ಕೇಳಿ ಬೆಳೆದ ಹಿರಿಯರು ಬಟ್ಟೆಯನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿಯೇ ಅದರ ಜಾತಕ ಹೇಳುವವರು.

ಈಗ ಹಾಗಿಲ್ಲ. ಮಾಘದ ಮದುವೆ ಸೀಸನ್ನಿನಲ್ಲೂ ಸೇಲ್, ದೀಪಾವಳಿಗೂ ಸೇಲ್, ಯುಗಾದಿಗೂ ಸೇಲ್. ಸ್ವಾತಂತ್ರ್ಯ ದಿನಕ್ಕೆ ಒಂದು, ಗಣರಾಜ್ಯ ದಿನಕ್ಕೆ ಒಂದು. ಏನೂ ಇಲ್ಲದ ದಿನ "ವೀಕೆಂಡ್ ಸೇಲ್". ಬೋರ್ಡು ಕೆಳಗಿಳಿಯುವುದೇ ಇಲ್ಲ. ವರ್ಷದ 365 ದಿನವೂ ಅರ್ಧ ಬೆಲೆಗೆ ಮಾರುವ ಅಂಗಿಯ ನಿಜವಾದ ಬೆಲೆ ಯಾವುದು? ಒಂದು ದಿನವಾದರೂ ಪೂರ್ತಿ ಬೆಲೆಗೆ ಮಾರಿದ್ದರೆ ತಾನೇ ಅರ್ಧ ಎಂಬ ಮಾತಿಗೆ ಅರ್ಥ?

ಮಿತಿಯೇ ಗಾಳವಾಯಿತು

ಎಂ.ಆರ್.ಪಿ. ಎಂದರೆ ಗರಿಷ್ಠ ಚಿಲ್ಲರೆ ಮಾರಾಟ ಬೆಲೆ. ಹಿಂದೆ ಪೊಟ್ಟಣಗಳ ಮೇಲೆ ಬೆಲೆ ಬರೆದು ಪಕ್ಕದಲ್ಲಿ "ಸ್ಥಳೀಯ ತೆರಿಗೆ ಪ್ರತ್ಯೇಕ" ಎಂದು ಸಣ್ಣಕ್ಷರದಲ್ಲಿ ಹಾಕುತ್ತಿದ್ದರು. ಆ ತೆರಿಗೆ ಎಷ್ಟೆಂದು ಗಿರಾಕಿಗೆ ಗೊತ್ತಿಲ್ಲ. ಅಂಗಡಿಯವನು ಹೇಳಿದ್ದೇ ವೇದವಾಕ್ಯ. ಇದನ್ನು ತಪ್ಪಿಸಲು 1990ರ ಸುಮಾರಿಗೆ ಸರ್ಕಾರ ಎಲ್ಲ ತೆರಿಗೆ ಸೇರಿದ ಗರಿಷ್ಠ ಬೆಲೆಯನ್ನೇ ಮುದ್ರಿಸಬೇಕೆಂಬ ನಿಯಮ ತಂದಿತು. ಅದರ ಮೇಲೆ ಒಂದು ರೂಪಾಯಿ ಹೆಚ್ಚಿಗೆ ತೆಗೆದುಕೊಂಡರೂ ತಪ್ಪು. ಗಿರಾಕಿಯ ರಕ್ಷಣೆಗೆ ಹಾಕಿದ ಬೇಲಿ ಅದು.

ಆದರೆ ಬಟ್ಟೆಗೆ ಆ ಗರಿಷ್ಠ ಬೆಲೆಯನ್ನು ಬರೆಯುವವರು ಯಾರು? ಸರ್ಕಾರವಲ್ಲ. ಬಟ್ಟೆ ಮಾಡಿದ ಕಂಪನಿಯೇ. 600 ರೂಪಾಯಿಗೆ ಮಾರಿ ಲಾಭ ಮಾಡಬಹುದಾದ ಅಂಗಿಗೆ 1,999 ಎಂದು ಬರೆದರೆ ಬೇಡ ಎನ್ನುವವರಿಲ್ಲ. ಹೆಚ್ಚಿಗೆ ಮಾರಬಾರದು ಎಂಬ ಕಾನೂನಿದೆಯೇ ಹೊರತು ಹೆಚ್ಚಿಗೆ ಬರೆಯಬಾರದು ಎಂಬ ಕಾನೂನಿಲ್ಲ. ಗಿರಾಕಿಯನ್ನು ಕಾಯಬೇಕಿದ್ದ ಬೇಲಿಯೇ ಹೀಗೆ ಗಿರಾಕಿಯನ್ನು ಹಿಡಿಯುವ ಗಾಳವಾಗಿದೆ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂದರೆ ಇದೇ.

ಬೋರ್ಡಿನ ಲೆಕ್ಕವನ್ನೂ ಸ್ವಲ್ಪ ನೋಡಬೇಕು. "50% + 20%" ಎಂದು ಆಳೆತ್ತರದ ಅಕ್ಷರ. ಸಾಮಾನ್ಯರು ಕೂಡಿಸಿ 70 ಎಂದುಕೊಳ್ಳುತ್ತಾರೆ. ನೂರರಲ್ಲಿ ಐವತ್ತು ಕಳೆದರೆ ಐವತ್ತು. ಆ ಐವತ್ತರಲ್ಲಿ ಇಪ್ಪತ್ತು ಪರ್ಸೆಂಟು ಎಂದರೆ ಹತ್ತೇ ರೂಪಾಯಿ. ಉಳಿದದ್ದು ನಲವತ್ತು. ಅಂದರೆ ಬಿಟ್ಟದ್ದು 60, ಎಪ್ಪತ್ತಲ್ಲ. 1,999ರ ಅಂಗಿ 600 ರೂಪಾಯಿಗೆ ಸಿಗುತ್ತದೆಂದು ಒಳಗೆ ಹೋದವನು 800 ಕೊಟ್ಟು ಹೊರಬರುತ್ತಾನೆ. ಸುಳ್ಳು ಹೇಳಿದರೇ? ಇಲ್ಲ. ನಿಜ ಹೇಳಿದರೇ? ಅದೂ ಇಲ್ಲ!

"ಒಂದು ಕೊಂಡರೆ ಎರಡು ಉಚಿತ" ಎಂಬುದು ಇನ್ನೊಂದು. 2,499 ಕೊಟ್ಟರೆ ಮೂರು ಅಂಗಿ, ತಲಾ 833. ಮೂರೂ ಬೇಕಿದ್ದವನಿಗೆ ಒಳ್ಳೆಯದೇ. ಒಂದೇ ಅಂಗಿಗೆಂದು ಸಾವಿರ ರೂಪಾಯಿ ಇಟ್ಟುಕೊಂಡು ಹೋದವನು ಎರಡೂವರೆ ಸಾವಿರ ಖರ್ಚು ಮಾಡಿ, ಎರಡನ್ನು ಬಿಟ್ಟಿ ತಂದೆನೆಂದು ಹೆಂಡತಿಯ ಮುಂದೆ ಬೀಗುತ್ತಾನೆ. ಬಿಟ್ಟಿ ಕೊಡುವಷ್ಟು ದೊಡ್ಡ ಮನಸ್ಸಿನ ಕಂಪನಿ ಈ ಭೂಮಿಯ ಮೇಲೆ ಇನ್ನೂ ಹುಟ್ಟಿಲ್ಲ.

ಮಾಲು ಬರುವುದು ಎಲ್ಲಿಂದ?

ಎಲ್ಲ ರಿಯಾಯಿತಿಯೂ ಮೋಸ ಎಂದರೆ ಅದು ಅನ್ಯಾಯದ ಮಾತು. ಹೆಸರಾಂತ ಕಂಪನಿಗಳ ಬಟ್ಟೆ ಕಡಿಮೆ ಬೆಲೆಗೆ ಬರಲು ನ್ಯಾಯವಾದ ಕಾರಣಗಳು ಹಲವು.

ಒಂದು, ಹಳೆಯ ಸೀಸನ್ನಿನ ಮಾಲು. ದೊಡ್ಡ ಷೋರೂಮಿನಲ್ಲಿ ಆರು ತಿಂಗಳು ನೇತಾಡಿ ಮಾರಾಟವಾಗದ್ದು ರಿಯಾಯಿತಿ ಅಂಗಡಿಗೆ ಬರುತ್ತದೆ. ಬಟ್ಟೆಗೇನೂ ಆಗಿಲ್ಲ, ಫ್ಯಾಷನ್ನಿಗೆ ವಯಸ್ಸಾಗಿದೆ ಅಷ್ಟೆ. ಎರಡು, ಸೈಜು ಮುರಿದ ಮಾಲು. 38, 40, 42 ಖರ್ಚಾಗಿ 36 ಮತ್ತು 46 ಮಾತ್ರ ಉಳಿದಿರುತ್ತವೆ. ಮೂರು, ಸೆಕೆಂಡ್ಸ್. ಹೊಲಿಗೆ ಒಂದೆಳೆ ಓರೆಯಾಗಿದೆ, ಬಣ್ಣ ಒಂದು ಕಡೆ ತೆಳುವಾಗಿದೆ. ನಾಲ್ಕು, ಎಕ್ಸ್‌ಪೋರ್ಟ್ ಸರ್ಪ್ಲಸ್. ಬೆಂಗಳೂರಿನ ಪೀಣ್ಯ, ಮೈಸೂರು ರಸ್ತೆ, ಬೊಮ್ಮಸಂದ್ರದ ಗಾರ್ಮೆಂಟ್ ಕಾರ್ಖಾನೆಗಳಿಗೆ ಹೊರದೇಶದಿಂದ ಹತ್ತು ಸಾವಿರ ಅಂಗಿಗೆ ಆರ್ಡರ್ ಬಂದರೆ, ಕೆಟ್ಟರೆ ಇರಲಿ ಎಂದು ಕೆಲವು ನೂರು ಹೆಚ್ಚಿಗೇ ಕತ್ತರಿಸುತ್ತಾರೆ. ಕೆಡದೆ ಉಳಿದದ್ದು, ಆರ್ಡರ್ ರದ್ದಾದದ್ದು, ಪರೀಕ್ಷೆಯಲ್ಲಿ ಬಿದ್ದದ್ದು ಇವೆಲ್ಲ ಊರ ಪೇಟೆಗೆ ಬರುತ್ತವೆ. ಕಂಪನಿಯ ಹೆಸರು ಹೊರಬಾರದೆಂದು ಕುತ್ತಿಗೆಯ ಲೇಬಲ್ಲನ್ನು ಕತ್ತರಿಸಿಯೋ ಅದರ ಮೇಲೆ ಗೀಟು ಎಳೆದೋ ಮಾರುವುದುಂಟು. ಬೆಂಗಳೂರಿನ ಬೀದಿಗಳಲ್ಲಿ ಹೀಗೆ ಒಳ್ಳೆಯ ಅಂಗಿ ಆರಿಸಿ ತಂದ ಜಾಣರು ಊರೂರಲ್ಲೂ ಇದ್ದಾರೆ.

ಐದನೆಯದು ಮಾತ್ರ ಹೆಚ್ಚು ಜನಕ್ಕೆ ಗೊತ್ತಿಲ್ಲ. ರಿಯಾಯಿತಿ ಅಂಗಡಿಗೆಂದೇ ಮಾಡಿದ ಮಾಲು! ಹೆಸರು ಅದೇ, ಲೇಬಲ್ಲು ಅದೇ. ನೂಲು ತೆಳು, ಗುಂಡಿ ಅಗ್ಗ, ಒಳಹೊಲಿಗೆ ಒಂಟಿ. ಈ ಅಂಗಿ ಯಾವ ಷೋರೂಮಿನಲ್ಲೂ ಯಾವತ್ತೂ ಪೂರ್ತಿ ಬೆಲೆಗೆ ಮಾರಾಟಕ್ಕೆ ಇಟ್ಟದ್ದೇ ಅಲ್ಲ. ಹುಟ್ಟುವಾಗಲೇ ಅರ್ಧ ಬೆಲೆಯ ಹಣೆಬರಹ ಹೊತ್ತು ಹುಟ್ಟಿದ್ದು. ಇದು ಇಲ್ಲಿ ಮಾತ್ರ ನಡೆಯುವ ಆಟವಲ್ಲ. ಅಮೆರಿಕದಲ್ಲಿ ಔಟ್‌ಲೆಟ್ ಎಂಬ ಇಂಥ ಅಂಗಡಿಗಳಿಗೆ ದೊಡ್ಡ ಇತಿಹಾಸವೇ ಇದೆ. 2014ರ ಜನವರಿಯಲ್ಲಿ ಅಲ್ಲಿನ ಸಂಸತ್ತಿನ ನಾಲ್ವರು ಸದಸ್ಯರು ಅಲ್ಲಿನ ವ್ಯಾಪಾರ ಆಯೋಗಕ್ಕೆ ಪತ್ರ ಬರೆದು, ಔಟ್‌ಲೆಟ್‌ಗೆಂದೇ ಮಾಡಿದ ಕಡಿಮೆ ದರ್ಜೆಯ ಮಾಲನ್ನು ಷೋರೂಮಿನ ಮಾಲೆಂದು ಜನ ನಂಬುವಂತೆ ಮಾಡಲಾಗುತ್ತಿದೆಯೇ ಎಂದು ತನಿಖೆ ಮಾಡಿರೆಂದು ಕೇಳಿದ್ದರು.

ಆ ದೇಶದ ರೆಡಿಂಗ್ ಎಂಬ ಊರಿನ ಕತೆ ದಾವಣಗೆರೆಯವರಿಗೆ ಬೇಗ ಅರ್ಥವಾದೀತು. ಅದೂ ಮಿಲ್ಲಿನ ಊರು. ಹೆಂಗಸರ ಕಾಲುಚೀಲ ಮಾಡುವ ಬಹುದೊಡ್ಡ ಮಿಲ್ಲು ಅಲ್ಲಿತ್ತು. 1970ರಲ್ಲಿ ಆ ಮಿಲ್ಲಿನ ಕಟ್ಟಡದ ಒಂದು ಮೂಲೆಯಲ್ಲಿ ಕಂಪನಿ ಅಗ್ಗದ ಅಂಗಡಿ ತೆರೆಯಿತು. ಮುಂದೆ ಮಿಲ್ಲು ನಿಂತಿತು, ಅಂಗಡಿ ಇಡೀ ಕಟ್ಟಡವನ್ನು ಆಕ್ರಮಿಸಿತು. ಬಟ್ಟೆ ಮಾಡುವ ಊರು ಬಟ್ಟೆ ಮಾರುವ ಊರಾಯಿತು.

ಅದೇ ಅಮೆರಿಕದಲ್ಲಿ ಇನ್ನೊಂದು ಅಂಗಡಿ ಬೇರೊಂದು ಪಾಠ ಹೇಳಿತ್ತು. ಬೋಸ್ಟನ್ ನಗರದ ಫೈಲೀನ್ ಎಂಬ ಅಂಗಡಿಯ ನೆಲಮಾಳಿಗೆಯಲ್ಲಿ 1909ರಿಂದ ಅಗ್ಗದ ವ್ಯಾಪಾರ. ಪ್ರತಿ ಬಟ್ಟೆಯ ಚೀಟಿಯ ಮೇಲೂ ಅದು ಅಂಗಡಿಗೆ ಬಂದ ತಾರೀಕು ಬರೆದಿರುತ್ತಿತ್ತು. ಹನ್ನೆರಡು ದಿನ ಮಾರಾಟವಾಗದಿದ್ದರೆ ಬೆಲೆಯಲ್ಲಿ ಕಾಲು ಭಾಗ ಕಡಿತ. ಹದಿನೆಂಟು ದಿನಕ್ಕೆ ಅರ್ಧ. ಇಪ್ಪತ್ನಾಲ್ಕು ದಿನಕ್ಕೆ ಮುಕ್ಕಾಲು. ಮೂವತ್ತು ದಿನವಾದರೂ ಉಳಿದರೆ ಧರ್ಮಕ್ಕೆ ದಾನ! ಯಾವ ಗಿರಾಕಿಯೂ ಅಂಗಡಿಯವನನ್ನು ನಂಬಬೇಕಿರಲಿಲ್ಲ, ತಾರೀಕು ನೋಡಿದರೆ ಸಾಕಿತ್ತು. ಅಂಗಡಿ 2011ರಲ್ಲಿ ಬಾಗಿಲು ಹಾಕಿತು. ಆದರೆ ಹೆಚ್ಚುಕಡಿಮೆ ನೂರು ವರ್ಷ ಜನ ಆ ನೆಲಮಾಳಿಗೆಗೆ ಮುಗಿಬಿದ್ದದ್ದು ಪರ್ಸೆಂಟಿನ ಬೋರ್ಡು ನೋಡಿ ಮಾತ್ರವಲ್ಲ, ಚೀಟಿಯ ಮೇಲಿನ ತಾರೀಕು ನೋಡಿ.

ಕಾನೂನು ಇದೆ, ಕಣ್ಣು ತೆರೆಯಬೇಕು

ನಮ್ಮಲ್ಲಿ ಕಾನೂನಿಲ್ಲವೇ? ಇದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಅನುಚಿತ ವ್ಯಾಪಾರ ಎಂದರೆ ಏನೆಂದು ಉದ್ದದ ಪಟ್ಟಿಯನ್ನೇ ಕೊಟ್ಟಿದೆ. ಒಂದು ವಸ್ತು ಮಾಮೂಲಾಗಿ ಯಾವ ಬೆಲೆಗೆ ಮಾರಾಟವಾಗುತ್ತಿದೆ ಎಂಬ ವಿಷಯದಲ್ಲಿ ಜನರನ್ನು ದಾರಿ ತಪ್ಪಿಸುವುದೂ ಆ ಪಟ್ಟಿಯಲ್ಲಿದೆ. ಅಗ್ಗದ ಬೆಲೆಗೆ ಕೊಡುತ್ತೇವೆಂದು ಜಾಹೀರಾತು ಕೊಟ್ಟು, ಸಾಕಷ್ಟು ಮಾಲನ್ನು ಸಾಕಷ್ಟು ದಿನ ಆ ಬೆಲೆಗೆ ಮಾರುವ ಉದ್ದೇಶವಿಲ್ಲದಿರುವುದೂ ಇದೆ. ಬಿಲ್ ಕೊಡದಿರುವುದೂ ಇದೆ. ದೋಷವಿರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿ ಹೇಳಿರದಿದ್ದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳದಿರುವುದೂ ಇದೆ. ಹಾಗಿದ್ದ ಮೇಲೆ "ಸೇಲ್ ಮಾಲನ್ನು ಯಾವ ಕಾರಣಕ್ಕೂ ವಾಪಸ್ ತೆಗೆದುಕೊಳ್ಳುವುದಿಲ್ಲ" ಎಂಬ ಬೋರ್ಡಿಗೆ ಬೆಲೆಯೆಷ್ಟು? ಗೋಡೆಯ ಮೇಲೆ ಬರೆದುಬಿಟ್ಟರೆ ಅದು ಕಾನೂನಾಗುವುದಿಲ್ಲ. ಬಣ್ಣ ಇಷ್ಟವಾಗಲಿಲ್ಲ, ಅಳಿಯನಿಗೆ ಬಿಗಿಯಾಯಿತು ಎಂಬುದು ಬೇರೆ ಮಾತು. ಅದಕ್ಕೆ ಅಂಗಡಿಯವರ ದೊಡ್ಡ ಮನಸ್ಸೇ ಗತಿ. ಹೊಲಿಗೆ ಬಿಟ್ಟದ್ದು, ಮೊದಲ ಒಗೆತಕ್ಕೇ ಬಣ್ಣ ಹೋದದ್ದು ಮಾತ್ರ ಅಂಗಡಿಯ ಹೊಣೆ.

ತೆರಿಗೆಯ ಆಟ ಇನ್ನೊಂದು. ಚಂಡೀಗಢದ ಗ್ರಾಹಕರೊಬ್ಬರು 3,995 ರೂಪಾಯಿ ಚೀಟಿಯ ಜಾಕೆಟ್ಟನ್ನು "ಫ್ಲಾಟ್ 40%" ಬೋರ್ಡು ನೋಡಿ ಕೊಂಡರು. ಲೆಕ್ಕ 2,397 ಆಗಬೇಕಿತ್ತು. ಬಿಲ್ಲಿನಲ್ಲಿ ಅದರ ಮೇಲೆ 119 ರೂಪಾಯಿ 85 ಪೈಸೆ ವ್ಯಾಟ್ ಸೇರಿಸಿದ್ದರು. ಎಲ್ಲ ತೆರಿಗೆ ಸೇರಿದ ಬೆಲೆಯಲ್ಲಿ ಕಡಿತ ಕೊಟ್ಟ ಮೇಲೆ ಮತ್ತೆ ತೆರಿಗೆ ಯಾಕೆ ಎಂದು ಅವರು ಬಿಡದೆ ಕೇಳಿದರು. ಕಂಪನಿ ದೆಹಲಿಯ ರಾಷ್ಟ್ರೀಯ ಗ್ರಾಹಕ ಆಯೋಗದವರೆಗೂ ಹೋಯಿತು. 2017ರ ಜನವರಿಯಲ್ಲಿ ಆಯೋಗ ಕಂಪನಿಯ ವಾದವನ್ನು ತಳ್ಳಿಹಾಕಿ, ಹೀಗೆ ಮಾಡುವುದು ಅನುಚಿತ ವ್ಯಾಪಾರವೇ ಎಂದಿತು. ನೂರ ಇಪ್ಪತ್ತು ರೂಪಾಯಿಯ ಜಗಳ, ಇಡೀ ದೇಶದ ಗಿರಾಕಿಗಳಿಗೆ ನ್ಯಾಯ! ಮುಂದೆ 2020ರ ಡಿಸೆಂಬರಿನಲ್ಲಿ ಅದೇ ಆಯೋಗ, ಮೊದಲೇ ತಿಳಿಸದೆ ಗಲ್ಲಾದ ಬಳಿ ಕೈಚೀಲಕ್ಕೆ ದುಡ್ಡು ಕೀಳುವುದನ್ನೂ ತಪ್ಪೆಂದಿತು.

ಈಗ ವ್ಯಾಟ್ ಹೋಗಿ ಜಿ.ಎಸ್.ಟಿ. ಬಂದಿದೆ. 2025ರ ಸೆಪ್ಟೆಂಬರ್ 22ರಿಂದ ಒಂದು ಉಡುಪಿನ ಮಾರಾಟ ಬೆಲೆ 2,500 ರೂಪಾಯಿವರೆಗೆ ಇದ್ದರೆ ತೆರಿಗೆ ಶೇಕಡಾ 5, ಮೇಲಾದರೆ ಶೇಕಡಾ 18. ಬಿಲ್ಲಿನಲ್ಲಿ ತೋರಿಸಿದ ರಿಯಾಯಿತಿ ಕಳೆದ ಮೇಲಿನ ಬೆಲೆಗೆ ಈ ಲೆಕ್ಕ. 2,999ರ ಚೀಟಿಯ ಅಂಗಿಯನ್ನು ಅರ್ಧಕ್ಕೆ ಕೊಟ್ಟರೆ 1,499 ರೂಪಾಯಿ 50 ಪೈಸೆ. ತೆರಿಗೆ ಶೇಕಡಾ 5ರಂತೆ ಸುಮಾರು 71 ರೂಪಾಯಿ, ಅದೂ ಆ 1,499ರ ಒಳಗೇ. ಗಲ್ಲಾದ ಹುಡುಗ ಮೇಲೆ ಇನ್ನಷ್ಟು ಸೇರಿಸಿದರೆ ಕೈ ಹಿಡಿದು ಕೇಳಬೇಕು.

ಕೇಳುವುದೆಲ್ಲಿ? ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ನಂಬರು 1915. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ವಕೀಲರು ಇರಲೇಬೇಕೆಂದಿಲ್ಲ. ಬೆಂಗಳೂರಿನಲ್ಲಿ ಕೊಂಡ ಅಂಗಿಗೂ ಗಿರಾಕಿ ತನ್ನ ಊರಿನಲ್ಲೇ ದೂರು ಕೊಡಬಹುದು. ಬೇಕಾದದ್ದು ಒಂದೇ, ಬಿಲ್ಲು.

ಮಂಟಪದ ವ್ಯಾಪಾರ

ಬಿಲ್ಲೇ ಇಲ್ಲದ ವ್ಯಾಪಾರದ ಮಾತು ಬೇರೆ. ಕಲ್ಯಾಣ ಮಂಟಪವನ್ನೋ ಶಾಲೆಯ ಬಯಲನ್ನೋ ಮೂರು ದಿನಕ್ಕೆ ಬಾಡಿಗೆ ಹಿಡಿದು, ಆಟೋಗೆ ಮೈಕು ಕಟ್ಟಿ, "ಕಂಪನಿ ದಿವಾಳಿ, ಬ್ರ್ಯಾಂಡೆಡ್ ಮಾಲು, ಯಾವುದೇ ತಗೊಳ್ಳಿ" ಎಂದು ಊರೆಲ್ಲ ಕೂಗಿಸುವವರು ಬರುತ್ತಾರೆ. ಮೂರನೇ ದಿನ ರಾತ್ರಿ ಲಾರಿ ಹೊರಟರೆ ಮುಗಿಯಿತು. ನಾಲ್ಕನೇ ದಿನ ಹರಿದ ಪ್ಯಾಂಟು ಹಿಡಿದು ಹೋದವನಿಗೆ ಅಲ್ಲಿ ಸಿಗುವುದು ಚಪ್ಪರದ ಗೂಟದ ಗುಂಡಿ.

ಇಂಥ ಕಡೆ "ಎಕ್ಸ್‌ಪೋರ್ಟ್ ಸರ್ಪ್ಲಸ್" ಎಂಬ ಹೆಸರಿನಲ್ಲಿ ರಾಶಿ ಹಾಕುವುದೆಲ್ಲ ಸರ್ಪ್ಲಸ್ಸೇ ಅಲ್ಲ. ಒಂದೇ ರಾಶಿಯಲ್ಲಿ ಎಲ್ಲ ಸೈಜು, ಎಲ್ಲ ಬಣ್ಣ, ಬೇಕಾದಷ್ಟು ಸಂಖ್ಯೆಯಲ್ಲಿ ಸಿಕ್ಕರೆ ಸಂಶಯ ಪಡಬೇಕು. ನಿಜವಾಗಿ ಉಳಿದ ಮಾಲು ಅಷ್ಟು ಅಚ್ಚುಕಟ್ಟಾಗಿ ಉಳಿಯುವುದಿಲ್ಲ. ಎಲ್ಲೋ ಹೊಲಿದ ಅಂಗಿಗೆ ಇನ್ನೆಲ್ಲೋ ಅಚ್ಚು ಹಾಕಿಸಿದ ಲೇಬಲ್ಲು ಹಚ್ಚಿ ಮಾರುವುದು ಕೊಂಡವನಿಗೂ ಮೋಸ, ಹೆಸರಿನ ಒಡೆಯನಿಗೂ ಮೋಸ. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ ಇದಕ್ಕೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, ಐವತ್ತು ಸಾವಿರದಿಂದ ಎರಡು ಲಕ್ಷದವರೆಗೆ ದಂಡವಿದೆ. ಗೊತ್ತಿದ್ದೂ ಇಟ್ಟುಕೊಂಡು ಮಾರುವವರಿಗೂ ಇದು ತಪ್ಪಿದ್ದಲ್ಲ.

ಇಲ್ಲಿ ಊರ ವ್ಯಾಪಾರಿಗಳ ಸಂಕಟ ನ್ಯಾಯವಾದದ್ದು. ಮಂಡಿಪೇಟೆ, ಚೌಕಿಪೇಟೆಯ ಅಂಗಡಿಯವನು ಪಾಲಿಕೆಗೆ ಉದ್ದಿಮೆ ಪರವಾನಗಿ ಶುಲ್ಕ ಕಟ್ಟುತ್ತಾನೆ. ಬಾಡಿಗೆ, ಕರೆಂಟು, ನಾಲ್ಕು ಜನ ಕೆಲಸದವರ ಸಂಬಳ ಕೊಡುತ್ತಾನೆ. ತಿಂಗಳು ತಿಂಗಳೂ ಜಿ.ಎಸ್.ಟಿ. ಲೆಕ್ಕ ಒಪ್ಪಿಸುತ್ತಾನೆ. ಹೊರ ರಾಜ್ಯದಿಂದ ಬಂದು ತಾತ್ಕಾಲಿಕವಾಗಿ ವ್ಯಾಪಾರ ಮಾಡುವವರೂ ವ್ಯಾಪಾರಕ್ಕೆ ಐದು ದಿನ ಮೊದಲೇ ಜಿ.ಎಸ್.ಟಿ. ನೋಂದಣಿ ಮಾಡಿಸಬೇಕು, ಅಂದಾಜು ತೆರಿಗೆಯನ್ನು ಮುಂಗಡವಾಗಿ ಕಟ್ಟಬೇಕು ಎಂಬ ನಿಯಮವಿದೆ. ಮಂಟಪದ ಬಾಗಿಲಲ್ಲಿ ನಿಂತು ಆ ನೋಂದಣಿ ಕಾಗದ ತೋರಿಸಿ ಎಂದು ಕೇಳುವ ಅಧಿಕಾರಿ ಯಾರು? ಮಂಟಪ ಬಾಡಿಗೆಗೆ ಕೊಡುವವರಾದರೂ ಕೇಳಬಾರದೇ?

ತಮ್ಮ ತಟ್ಟೆಯ ಹೆಗ್ಗಣ

ಹಾಗೆಂದು ಊರ ವ್ಯಾಪಾರಿಗಳೆಲ್ಲ ಸತ್ಯಹರಿಶ್ಚಂದ್ರರೇ? ತಮ್ಮ ತಟ್ಟೆಯಲ್ಲಿ ಹೆಗ್ಗಣ ಬಿದ್ದಿರುವಾಗ ಪಕ್ಕದವರ ತಟ್ಟೆಯ ನೊಣ ತೋರಿಸಬಾರದು.

ಹೇಳುವುದು ಸಾವಿರದ ಇನ್ನೂರು, ಕೊಡುವುದು ಏಳುನೂರು. ಚೌಕಾಸಿ ಬಲ್ಲ ಗೌಡತಿಗೆ ಒಂದು ರೇಟು, ಬಾಯಿಲ್ಲದ ಬಡ ಹೆಣ್ಣುಮಗಳಿಗೆ ಇನ್ನೊಂದು ರೇಟು. ಚೀಟಿಯ ಮೇಲೆ ಅಂಕಿಯ ಬದಲು ಅಂಗಡಿಯವರಿಗಷ್ಟೇ ತಿಳಿಯುವ ಗುಪ್ತ ಅಕ್ಷರ. "ನಿಮ್ಗೋಸ್ಕರ ಅಸಲಿಗೇ ಕೊಡ್ತಿದೀನಿ ಅಕ್ಕಾ, ಬೆಳಗಿನ ಬೋಣಿ" ಎಂಬ ಮಾತು ಸಂಜೆ ಏಳಕ್ಕೂ ಕೇಳಿಸುತ್ತದೆ! ದೊಡ್ಡ ಮಳಿಗೆಯವರು ಬೋರ್ಡು ಬರೆದು ಮಾಡುವುದನ್ನೇ ಇವರು ಬಾಯಲ್ಲಿ ಮಾಡುತ್ತಿದ್ದರು. ಜನ ಆ ಕಡೆ ಹೋದದ್ದು ಬೆಲೆಗಾಗಿ ಮಾತ್ರವಲ್ಲ. ಅಲ್ಲಿ ಬಟ್ಟೆಯನ್ನು ತಾವೇ ಮುಟ್ಟಿ ನೋಡಬಹುದು, ತೊಟ್ಟು ನೋಡಬಹುದು, ಕೊಳ್ಳದೆ ಹೊರಬಂದರೆ ಯಾರೂ ಮುಖ ಸಿಂಡರಿಸುವುದಿಲ್ಲ. ಹಳ್ಳಿಯಿಂದ ಬಂದ ಹುಡುಗನೂ ಸಾಹುಕಾರನ ಮಗನೂ ಒಂದೇ ಬೆಲೆ ಕೊಡುತ್ತಾರೆ. ಆ ಮರ್ಯಾದೆ ಸಣ್ಣದಲ್ಲ. ಎಷ್ಟೋ ವರ್ಷ ಹಳ್ಳಿಯವನನ್ನು "ತಗೊಳ್ಳೋನಾದ್ರೆ ತೆಗೆಸು" ಎಂದು ಗದರಿಸಿದ ಗಾದಿಗಳು ಇದನ್ನು ನೆನಪಿಟ್ಟುಕೊಳ್ಳಬೇಕು.

ಆದರೆ ಹಳೆಯ ಅಂಗಡಿಯಲ್ಲಿ ಒಂದು ಗುಣವಿತ್ತು, ಅದನ್ನು ಯಾವ ಮಳಿಗೆಯೂ ಕೊಡಲಾರದು. ಮೆಕ್ಕೆಜೋಳ ಮಾರಿದ ಮೇಲೆ ಕೊಡುತ್ತೇನೆಂದರೆ ಉದ್ರಿ ಸಿಗುತ್ತಿತ್ತು. ಮಗಳ ಮದುವೆಗೆ ಮೂವತ್ತು ಸೀರೆ ಮನೆಗೆ ಒಯ್ದು, ಹತ್ತು ಇಟ್ಟುಕೊಂಡು, ಇಪ್ಪತ್ತು ವಾಪಸ್ ತರಬಹುದಿತ್ತು. ಬಟ್ಟೆ ಕೆಟ್ಟರೆ ಅದೇ ಮುಖ ಅದೇ ಗಾದಿಯ ಮೇಲೆ ಸಿಗುತ್ತಿತ್ತು. ಪಕ್ಕದಲ್ಲೇ ಟೈಲರ್. ಅಪ್ಪನ ಅಳತೆ, ಮಗನ ಅಳತೆ ಎರಡೂ ಅವನ ಪುಸ್ತಕದಲ್ಲಿ. ಇವತ್ತು ಅದೇ ಟೈಲರ್ ರೆಡಿಮೇಡ್ ಪ್ಯಾಂಟಿನ ಕಾಲು ಮಡಚಿ ಹೊಲಿಯುವ, ಸೊಂಟ ಹಿಡಿದುಕೊಡುವ ಕೆಲಸದಲ್ಲಿ ದಿನ ದೂಡುತ್ತಿದ್ದಾನೆ. ಹೊಸ ಅಂಗಿಗೆ ಕತ್ತರಿ ಹಾಕಿದ ದಿನ ಅವನಿಗೆ ಹಬ್ಬ. ಒಂದು ಬೋರ್ಡಿನ ಕೆಳಗೆ ಎಷ್ಟು ಕಸುಬು ಮುಳುಗುತ್ತವೆ ಎಂಬ ಲೆಕ್ಕ ಯಾವ ಬಿಲ್ಲಿನ ಕೆಳಗೂ ಅಚ್ಚಾಗುವುದಿಲ್ಲ.

ಕಾರಣ ಬರೆಯಲಿ

ರಿಯಾಯಿತಿ ಅಂಗಡಿ ಮುಚ್ಚಿಸಿ ಎಂದು ಕೂಗುವುದು ಬುದ್ಧಿವಂತಿಕೆಯಲ್ಲ. ಬಡವನ ಮಗನಿಗೂ ಒಂದು ಒಳ್ಳೆಯ ಹೆಸರಿನ ಅಂಗಿ ತೊಡುವ ಆಸೆ ಇರುತ್ತದೆ. ಇಂಟರ್ವ್ಯೂಗೆ ಹೋಗುವ ಹುಡುಗ ಎಂಟುನೂರಕ್ಕೆ ನೆಟ್ಟಗಿನ ಅಂಗಿ ಕೊಂಡರೆ ಅದರಲ್ಲಿ ತಪ್ಪೇನು? ಕಾಸಿಗೆ ತಕ್ಕ ಕಜ್ಜಾಯ ಎಂಬುದು ಹಳೆಯ ಮಾತು. ಕಜ್ಜಾಯ ಎಂಥದ್ದು ಎಂಬುದನ್ನು ಹೇಳಿ ಮಾರಲಿ ಎಂಬುದಷ್ಟೇ ಬೇಡಿಕೆ.

ಬೋರ್ಡಿನಲ್ಲಿ ಎಷ್ಟು ಕಡಿಮೆ ಎಂದು ಬರೆಯುವವರು ಯಾಕೆ ಕಡಿಮೆ ಎಂಬುದನ್ನೂ ಬರೆಯಲಿ. ಹಳೆಯ ಸೀಸನ್ನೇ? ಸೈಜು ಮುರಿದದ್ದೇ? ಸೆಕೆಂಡ್ಸೇ? ಸರ್ಪ್ಲಸ್ಸೇ? ಇಲ್ಲಾ ಈ ಅಂಗಡಿಗೆಂದೇ ಮಾಡಿಸಿದ್ದೇ? ಪ್ರತಿ ಸಾಲಿನ ಮೇಲೂ ಒಂದು ಚೀಟಿ ಅಂಟಿಸಲು ಖರ್ಚೇನೂ ಇಲ್ಲ. ಯುರೋಪಿನ ದೇಶಗಳಲ್ಲಿ 2022ರ ಮೇ 28ರಿಂದ ಜಾರಿಗೆ ಬಂದ ನಿಯಮದಂತೆ, ಬೆಲೆ ಇಳಿಸಿದ್ದೇವೆಂದು ಸಾರುವ ಅಂಗಡಿ ಹಿಂದಿನ 30 ದಿನಗಳಲ್ಲಿ ತಾನು ಮಾರಿದ ಅತಿ ಕಡಿಮೆ ಬೆಲೆಯನ್ನು ತೋರಿಸಿ, ಅದರ ಮೇಲೆ ಕಡಿತದ ಲೆಕ್ಕ ಹೇಳಬೇಕು. ಅಂಥ ನಿಯಮ ಇಲ್ಲಿಗೂ ಬಂದರೆ ವರ್ಷವಿಡೀ ಅರ್ಧ ಬೆಲೆಯ ಬೋರ್ಡು ಮೂವತ್ತೊಂದನೇ ದಿನಕ್ಕೆ ತಾನಾಗಿಯೇ ಕೆಳಗಿಳಿಯುತ್ತದೆ. ಜಿಲ್ಲೆಯಿಂದ ದೆಹಲಿಗೆ ಹೋದ ಜನಪ್ರತಿನಿಧಿಗಳು ಈ ಮಾತನ್ನು ಅಲ್ಲಿ ಎತ್ತಬಹುದು. ಓಟಿಗೆ ಬಂದಾಗ ಕೊಡುವ ಭರವಸೆಗಳಿಗೆ ಮಾತ್ರ ಈ ನಿಯಮ ಅನ್ವಯಿಸುವುದಿಲ್ಲ, ಅವರು ಹೆದರಬೇಕಾಗಿಲ್ಲ.

ಅಲ್ಲಿಯವರೆಗೆ ಜಿಲ್ಲೆಯಲ್ಲೇ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಜನ ಇನ್ನೂ ತೂಕ ಅಳತೆ ಇಲಾಖೆ ಎಂದೇ ಕರೆಯುವ ಕಾನೂನು ಮಾಪನಶಾಸ್ತ್ರ ಇಲಾಖೆಯವರು ತರಕಾರಿ ಮಾರುವವಳ ತಕ್ಕಡಿಗೆ ಮುದ್ರೆ ಇದೆಯೇ ಎಂದು ನೋಡುವುದು ಸರಿ. ಎ.ಸಿ. ಹಾಕಿದ ಮಳಿಗೆಯ ಒಳಗೂ ಒಮ್ಮೆ ಹೋಗಿ, ಒಂದು ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿಸಿ ಬೆಲೆ ಏರಿಸಿದ್ದಾರೆಯೇ ಎಂದು ಉಗುರಿನಲ್ಲಿ ಕೆರೆದು ನೋಡಲಿ. ಹಬ್ಬಕ್ಕೆ ಮುಂಚೆ ಎಷ್ಟು ಮಳಿಗೆ ನೋಡಿದರು, ಎಷ್ಟು ಕೇಸು ಹಾಕಿದರು ಎಂಬ ಲೆಕ್ಕವನ್ನು ಜನರ ಮುಂದಿಡಲಿ. ಮೂರು ದಿನದ ಮಂಟಪದ ಸೇಲ್‌ಗೆ ಪಾಲಿಕೆಯವರು ಅನುಮತಿ ಕೊಡುವ ಮುನ್ನ ಮಾರುವವನ ವಿಳಾಸ, ಜಿ.ಎಸ್.ಟಿ. ನಂಬರು ಎರಡನ್ನೂ ಬಾಗಿಲಲ್ಲೇ ಹಾಕಿಸಲಿ. ಊರ ಬಟ್ಟೆ ವ್ಯಾಪಾರಿಗಳೂ ಜಿಲ್ಲಾಧಿಕಾರಿಗೆ ಮನವಿ ಕೊಟ್ಟು ಫೋಟೋ ತೆಗೆಸಿಕೊಂಡರೆ ಸಾಲದು. ಗುಪ್ತ ಅಕ್ಷರ ಬಿಟ್ಟು ಅಂಕಿಯಲ್ಲಿ ಬೆಲೆ ಬರೆಯಲಿ, ಎಲ್ಲರಿಗೂ ಒಂದೇ ಬೆಲೆ ಹೇಳಲಿ, ಒಂದು ಕನ್ನಡಿಯನ್ನೂ ತೊಟ್ಟು ನೋಡಲು ಒಂದು ಮರೆಯನ್ನೂ ಕೊಡಲಿ. ಗಿರಾಕಿ ಹೊಸ್ತಿಲು ದಾಟಲು ಅಷ್ಟೇ ಬೇಕಾಗಿರುವುದು.

ಗಿರಾಕಿಯ ಕೆಲಸ ಇನ್ನೂ ಸುಲಭ. ಪರ್ಸೆಂಟು ನೋಡಬಾರದು, ಕೊಡುವ ದುಡ್ಡು ನೋಡಬೇಕು. ಮೇಲಿನ ಬೆಲೆಯನ್ನು ಬೆರಳಿನಿಂದ ಮುಚ್ಚಿ, ಈ ಅಂಗಿ ಎಂಟುನೂರಕ್ಕೆ ಬಾಳುತ್ತದೆಯೇ ಎಂದು ತನ್ನನ್ನು ತಾನು ಕೇಳಿಕೊಳ್ಳಬೇಕು. ಒಳಗನ್ನು ಹೊರಗೆ ಮಾಡಿ ಹೊಲಿಗೆ ನೋಡಬೇಕು. ಬಿಲ್ಲು ಹರಿದೆಸೆಯಬಾರದು.

ಬಸ್ ಸ್ಟ್ಯಾಂಡಿನ ಆ ರೈತ ಕೊನೆಗೆ ಮಾಡಿದ್ದೂ ಅದನ್ನೇ. ಬಸ್ಸು ಬಂತು. ಹತ್ತುವ ಮೊದಲು ಚೀಲದಿಂದ ಒಂದು ಅಂಗಿ ಎಳೆದು, ಎರಡು ಬೆರಳಲ್ಲಿ ಉಜ್ಜಿ ನೋಡಿ, "ಬಟ್ಟೆ ಏನೋ ಪರ್ವಾಗಿಲ್ಲ, ಎಂಟುನೂರು ಬಾಳ್ತೈತೆ" ಅಂದ. ಆಮೇಲೆ ಬಿಲ್ಲು ಮಡಚಿ ಮಗನ ಕೈಗೆ ಕೊಟ್ಟ. "ಇದನ್ನ ಜ್ವಾಪಾನ ಇಟ್ಕೋ. ಕೆಳಗಿರೋ ಆ ಉಳಿತಾಯದ ಗೀಟು ಮಾತ್ರ ನಿಮ್ಮವ್ವಂಗೆ ತೋರಿಸ್ಬೇಡ. ಆ ದುಡ್ಡು ಎಲ್ಲಿ ಅಂತ ಕೇಳಿದ್ರೆ ನಾನೇನು ಹೇಳ್ಲಿ?"

ಅವಳಿಗೆ ಹೇಳುವ ಉತ್ತರ ಆ ರೈತನ ಬಳಿ ಇಲ್ಲ. ಚೀಟಿ ಬರೆದವರ ಬಳಿ ಇದೆ. ಕೇಳಬೇಕಾದ ಅಧಿಕಾರಿಗಳು ಕೇಳುವರೇ?